ಸ್ವಂತ ಕಸುಬು, ಹಳೇ ಮನೆ, ಬ್ಯಾಂಕಿನ ಸಾಲ

ಮೈಸೂರಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ ನನಗೆ ತಿಂಗಳ ಸಂಬಳ ಎಂಬುದಿಲ್ಲ. ಲಗ್ನದ ಸೀಸನ್ನಿನಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ, ಆಷಾಢದಲ್ಲಿ ಮಷಿನ್ ಸುಮ್ಮನೆ ನಿಂತಿರುತ್ತದೆ. ಹಾಗಿದ್ದೂ ಒಂದು ಸೈಟು ಮಾರಿದ ದುಡ್ಡಿಗೆ ಬ್ಯಾಂಕಿನ ಸಾಲ ಸೇರಿಸಿ 20×30ರ ಹಳೇ ಮನೆ ಕೊಂಡೆ, ರಿಪೇರಿ ಮಾಡಿಸಿ ಮಾರಿದೆ, ಲಾಭವನ್ನೂ ಕಂಡೆ. ಇದೇ ಯೋಚನೆಯಲ್ಲಿರುವವರು ಸಿಕ್ಕಿದೊಡನೆ ಕೇಳುವುದು ‘ಬಡ್ಡಿ ಎಷ್ಟು?’ ಎಂದು. ಅದಕ್ಕೂ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ತಿಂಗಳು ತಡೆದುಕೊಳ್ಳಬಲ್ಲೆ?’ ಎಂಬುದು.

30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆ ಬೆಲೆಯ ಶೇ 90ರಷ್ಟನ್ನು ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಆದರೆ ಸ್ವಂತ ಉದ್ಯೋಗದವರ ಕೈ ಕಟ್ಟುವುದು ಆ ಮಿತಿಯಲ್ಲ, ಆದಾಯ ತೆರಿಗೆ ರಿಟರ್ನ್. ನಮ್ಮಂಥ ಸಣ್ಣ ವ್ಯಾಪಾರಿಗಳು ಬಹಳ ಮಂದಿ 44ಎಡಿ ಎಂದು ಹೆಸರಾದ ಅಂದಾಜು ಆದಾಯದ ಪದ್ಧತಿಯಲ್ಲಿ ವಹಿವಾಟಿನ ಶೇ 8ನ್ನು, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ 6ನ್ನು ಲಾಭವೆಂದು ತೋರಿಸುತ್ತೇವೆ. ಕೈಗೆ ಅದಕ್ಕಿಂತ ಹೆಚ್ಚು ಉಳಿದರೂ ತೋರಿಸುವುದು ಅಷ್ಟೇ. 60 ಲಕ್ಷದ ವಹಿವಾಟಿಗೆ ಶೇ 6 ಅಂದರೆ ವರ್ಷಕ್ಕೆ 3.6 ಲಕ್ಷ, ತಿಂಗಳಿಗೆ 30 ಸಾವಿರ. ಅದರಲ್ಲಿ ಅರ್ಧ ಕಂತಿಗೆ ಎಂದು ಬ್ಯಾಂಕ್ ಲೆಕ್ಕ ಹಾಕಿದರೆ, ಶೇ 9ರ ಬಡ್ಡಿಗೆ 15 ವರ್ಷದ ಅವಧಿಗೆ ಸಿಗುವುದು ಸುಮಾರು 15 ಲಕ್ಷ. ನಿಜವಾದ ಲಾಭ ಶೇ 12 ಇದ್ದು ಅದನ್ನೇ ತೋರಿಸಿದ್ದರೆ ಸಾಲ ಇದರ ಎರಡರಷ್ಟಾಗುತ್ತಿತ್ತು. ಬ್ಯಾಂಕುಗಳು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತವೆ, ಕೊನೆಯ ವರ್ಷ ಮಾತ್ರ ಏಕಾಏಕಿ ಏರಿದ ಆದಾಯವನ್ನು ಸುಲಭವಾಗಿ ನಂಬುವುದಿಲ್ಲ. ಹಾಗಾಗಿ ಮನೆ ಹುಡುಕುವ ಎಷ್ಟೋ ಮೊದಲೇ ನಾನು ಆಡಿಟರ್ ಹತ್ತಿರ ಕೂತು, ಬಂದ ಲಾಭವನ್ನು ಬಂದಷ್ಟೇ ತೋರಿಸಲು ಶುರುಮಾಡಿದೆ. ಹೆಚ್ಚು ಕಟ್ಟಿದ ತೆರಿಗೆ ನನಗೆ ಸಾಲದ ಅರ್ಹತೆಯಾಗಿ ವಾಪಸ್ ಬಂತು.

ಎರಡನೆಯ ಸಂಗತಿ, ರಿಪೇರಿಯ ದುಡ್ಡು. ನವೀಕರಣದ ಸಾಲವನ್ನು ಬ್ಯಾಂಕ್ ಸಾಮಾನ್ಯವಾಗಿ ಎಂಜಿನಿಯರ್ ಎಸ್ಟಿಮೇಟ್ ನೋಡಿ, ಕೆಲಸ ಸಾಗಿದ ಹಾಗೆ ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ಒಡೆಯುವ ಕೂಲಿ, ಪ್ಲಂಬರ್ ಮುಂಗಡ, ಮೊದಲ ಲೋಡ್ ಎಂ-ಸ್ಯಾಂಡ್ ಎಲ್ಲಕ್ಕೂ ನಮ್ಮ ಜೇಬೇ ಗತಿ. ಎಸ್ಟಿಮೇಟ್ ಕೂಡ ಮೇಲೆ ಕಾಣುವುದರ ಲೆಕ್ಕ ಮಾತ್ರ. ನಮ್ಮ ಮೇಸ್ತ್ರಿ ಬಾತ್‌ರೂಮಿನ ತಾರಸಿಗೆ ಕೆಳಗಿನಿಂದ ಸುತ್ತಿಗೆಯ ಹಿಡಿಯಲ್ಲಿ ತಟ್ಟುತ್ತಾ ಹೋದ. ಒಂದು ಮೂಲೆಯಲ್ಲಿ ಸದ್ದು ಟೊಳ್ಳಾಯಿತು. ಅಲ್ಲಿ ಗಾರೆ ಕೆತ್ತಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಹೊಟ್ಟಿನಂತೆ ಪದರಪದರವಾಗಿ ಉದುರಿತು. ಎಸ್ಟಿಮೇಟಿನಲ್ಲಿ ಆ ಕಂಬಿಯ ಮಾತೇ ಇರಲಿಲ್ಲ. ಇಂಥದ್ದಕ್ಕೆಂದು ಎಸ್ಟಿಮೇಟಿನ ಮೇಲೆ ಐದರಲ್ಲೊಂದು ಭಾಗ ತೆಗೆದಿಟ್ಟಿದ್ದೆ. ಅದೂ ಸಾಲದೆ ಬಂದಾಗ ಮನೆಯ ಒಡವೆ ಅಡವಿಟ್ಟೆನೇ ಹೊರತು ಪೇಪರ್ ಅಂಗಡಿಗೆ ಕೊಡಬೇಕಿದ್ದ ಹಣವನ್ನು ಮುಟ್ಟಲಿಲ್ಲ. ಕಸುಬಿನ ಬಂಡವಾಳ ಗೋಡೆಯೊಳಗೆ ಹೋದರೆ, ಕಂತು ಕಟ್ಟಬೇಕಾದ ಕಸುಬೇ ನಿಂತುಹೋಗುತ್ತದೆ.

ಇನ್ನು ತಿಂಗಳುಗಳ ಲೆಕ್ಕ. 20 ಲಕ್ಷ ಸಾಲಕ್ಕೆ ಶೇ 9ರಂತೆ ತಿಂಗಳಿಗೆ 15 ಸಾವಿರ ಬಡ್ಡಿ. ಬೇಗ ಮಾರು ಎನ್ನುತ್ತದೆ ಅದು. ತೆರಿಗೆ ಕಾನೂನು ಹೇಳುವುದು ಬೇರೆ: 24 ತಿಂಗಳೊಳಗೆ ಮಾರಿದರೆ ಲಾಭ ನಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ, ದಾಟಿದರೆ ಶೇ 12.5. ಎರಡನ್ನೂ ಕಾಗದದ ಮೇಲೆ ಪಕ್ಕಪಕ್ಕ ಬರೆದು ನೋಡಿ. ಶೇ 30ರ ಸ್ಲ್ಯಾಬಿನವರಿಗೆ ಕಾಯುವುದು ಲಾಭವಾಗಬಹುದು, ಕೆಳಗಿನ ಸ್ಲ್ಯಾಬಿನವರಿಗೆ ಕಾದಷ್ಟೂ ಬಡ್ಡಿಯೇ ತಿನ್ನುತ್ತದೆ. ಖರೀದಿಯ ಮುದ್ರಾಂಕ, ನೋಂದಣಿ ಖರ್ಚನ್ನೂ ಮರೆಯಬೇಡಿ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 50 ಲಕ್ಷದ ಮನೆಗೆ ಮುದ್ರಾಂಕ, ಸೆಸ್ಸು ಎಲ್ಲ ಸೇರಿ ಸುಮಾರು 3.8 ಲಕ್ಷ. ಈ ಖರ್ಚು, ಜತೆಗೆ ಮನೆಗೆ ಹೊಸದಾಗಿ ಸೇರಿಸಿದ ಕೆಲಸದ ಖರ್ಚು ಎರಡನ್ನೂ ಲಾಭದಿಂದ ಕಳೆಯಲು ಬಿಲ್ಲು ಬೇಕು. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡ ಟೈಲ್ಸ್ ಕೊನೆಗೆ ತೆರಿಗೆಯಲ್ಲಿ ದುಬಾರಿಯಾಗುತ್ತದೆ. ಸಾಲ ಫ್ಲೋಟಿಂಗ್ ದರದ್ದೇ ಇರಲಿ. ವ್ಯಕ್ತಿಗಳ ಗೃಹಸಾಲದಲ್ಲಿ ಆ ದರಕ್ಕೆ ಅವಧಿಗೆ ಮುನ್ನ ತೀರಿಸಿದರೂ ದಂಡವಿಲ್ಲ, ಮಾರುವ ಉದ್ದೇಶ ಇದ್ದವರಿಗೆ ಇದು ದೊಡ್ಡ ಅನುಕೂಲ.

ನಮ್ಮ ಊರುಗಳಲ್ಲಿ ಇನ್ನೊಂದು ಕ್ಯಾಲೆಂಡರ್ ಇದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮನೆ ನೋಡಲು ಬಂದವರೂ ಅಡ್ವಾನ್ಸ್ ಕೊಡಲು ಹಿಂಜರಿಯುತ್ತಾರೆ. ನನ್ನ ಪ್ರೆಸ್ಸಿಗೆ ಕೆಲಸ ಇಲ್ಲದ ತಿಂಗಳುಗಳೂ ಅವೇ. ಆದಾಯ ನಿಂತಾಗಲೇ ಮಾರಾಟವೂ ನಿಲ್ಲುತ್ತದೆ, ಬ್ಯಾಂಕಿನ ಕಂತು ಮಾತ್ರ ಪಂಚಾಂಗ ನೋಡುವುದಿಲ್ಲ. ಅದಕ್ಕೇ ಒಂದು ವರ್ಷದ ಕಂತನ್ನು ಬೇರೆ ಖಾತೆಯಲ್ಲಿಟ್ಟ ಮೇಲೇ ನಾನು ಕರಾರಿಗೆ ಸಹಿ ಹಾಕಿದ್ದು. ಆಷಾಢದಲ್ಲಿ ಬಂದ ಗಿರಾಕಿಯೊಬ್ಬರು ತೀರಾ ಕಡಿಮೆಗೆ ಕೇಳಿದಾಗ ಧೈರ್ಯವಾಗಿ ಬೇಡ ಎನ್ನಲು ಸಾಧ್ಯವಾದದ್ದು ಆ ಖಾತೆಯಿಂದ. ಅಷ್ಟು ಹಣ ಕೂಡುವ ತನಕ ಮನೆ ಎಷ್ಟೇ ಅಗ್ಗಕ್ಕೆ ಸಿಗಲಿ, ಕೊಳ್ಳಬೇಡಿ. ಹಳೇ ಮನೆಗಳು ಮಾರಾಟಕ್ಕೆ ಮತ್ತೆ ಬರುತ್ತವೆ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಕಸುಬನ್ನು ಒಮ್ಮೆ ಮುಳುಗಿಸಿಕೊಂಡರೆ ಎತ್ತುವುದು ಕಷ್ಟ.