ಸೀಮಿತ ಆವೃತ್ತಿಯ ಕ್ರೀಡಾ ಕಾರುಗಳು: ಉತ್ಪಾದನಾ ಸಂಖ್ಯೆ, ವಿರಳತೆ ಮತ್ತು ಮೌಲ್ಯ

ವಸ್ತುವೊಂದು ವಿರಳವಾದಷ್ಟೂ ಅದರ ಬೆಲೆ ಏರುತ್ತದೆ ಎಂಬುದು ವ್ಯಾಪಾರದ ಹಳೆಯ ನಂಬಿಕೆ. ಈ ನಂಬಿಕೆಯಿಂದಲೇ ಇಂದು ಕೈಗಡಿಯಾರದಿಂದ ಸೀರೆಯವರೆಗೆ ಅನೇಕ ಸರಕುಗಳು 'ಸೀಮಿತ ಆವೃತ್ತಿ' ಎಂಬ ಚೀಟಿಯೊಡನೆ ಮಾರುಕಟ್ಟೆಗೆ ಬರುತ್ತಿವೆ. ಆದರೆ ಕಡಿಮೆ ಸಂಖ್ಯೆಯಲ್ಲಿ ತಯಾರಿಸಿದ ಮಾತ್ರಕ್ಕೆ ಮೌಲ್ಯ ಬರುವುದೇ? ಪ್ರತಿ ವಾಹನಕ್ಕೂ ಚಾಸಿ ಸಂಖ್ಯೆಯಿದ್ದು, ಒಟ್ಟು ಉತ್ಪಾದನೆಯನ್ನು ಬಹುಮಟ್ಟಿಗೆ ಎಣಿಸಿ ಹೇಳಬಹುದಾದ ಕ್ರೀಡಾ ಕಾರುಗಳ ಇತಿಹಾಸವು ಈ ಪ್ರಶ್ನೆಯ ಅಧ್ಯಯನಕ್ಕೆ ಉತ್ತಮ ಸಾಮಗ್ರಿಯನ್ನು ಒದಗಿಸುತ್ತದೆ.

ಕನಿಷ್ಠ ಸಂಖ್ಯೆಯಿಂದ ಗರಿಷ್ಠ ಸಂಖ್ಯೆಗೆ

ಆರಂಭದಲ್ಲಿ ಇಂತಹ ಕಾರುಗಳ ಸಂಖ್ಯೆಯನ್ನು ನಿರ್ಧರಿಸಿದ್ದು ಮಾರುಕಟ್ಟೆಯಲ್ಲ, ಸ್ಪರ್ಧೆಯ ನಿಯಮ. ಒಂದು ಮಾದರಿಯನ್ನು ಪಂದ್ಯದಲ್ಲಿ ಓಡಿಸಬೇಕಾದರೆ ಅದರ ಇಂತಿಷ್ಟು ಕಾರುಗಳನ್ನಾದರೂ ತಯಾರಿಸಿರಬೇಕೆಂಬ ಷರತ್ತಿತ್ತು. ಇದಕ್ಕೆ ಹೋಮೋಲೊಗೇಷನ್ ಎಂದು ಹೆಸರು. ಪೋರ್ಶೆ ಸಂಸ್ಥೆಯು 1972ರಲ್ಲಿ 911 ಕ್ಯಾರೆರಾ ಆರ್‌ಎಸ್ 2.7 ಮಾದರಿಯನ್ನು ಹೊರತಂದಾಗ ಅದಕ್ಕೆ ಬೇಕಾಗಿದ್ದುದು 500 ಕಾರುಗಳು. ಅವು ಬಲುಬೇಗ ಮಾರಾಟವಾದವು. ಬೇಡಿಕೆ ಮುಂದುವರಿದು ಉತ್ಪಾದನೆ 1,580ಕ್ಕೆ ತಲುಪಿತು. 500 ಎಂಬುದು ಕನಿಷ್ಠ ಮಿತಿಯಾಗಿದ್ದುದರಿಂದ ಮೊದಲು ಕೊಂಡವರಿಗೆ ಯಾವ ವಚನಭಂಗವೂ ಆಗಲಿಲ್ಲ.

ಇದಕ್ಕೆ ವ್ಯತಿರಿಕ್ತವಾದುದು ಫೆರಾರಿ 250 ಜಿಟಿಒ. ನಿಯಮದಂತೆ 100 ಕಾರುಗಳಿರಬೇಕಾಗಿದ್ದರೂ, ಇದು ಹಿಂದಿನ 250 ಜಿಟಿ ಮಾದರಿಯ ಸುಧಾರಿತ ರೂಪವೆಂಬ ನೆಲೆಯಲ್ಲಿ ಅನುಮತಿ ದೊರೆಯಿತು. 1962ರಿಂದ 1964ರವರೆಗೆ ತಯಾರಾದವು ಕೇವಲ 36. ಇವುಗಳಲ್ಲೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾಯಿತು. ಆದರೆ ಈ ಬೆಲೆಗೆ 36 ಎಂಬ ಅಂಕಿಯೊಂದೇ ಕಾರಣವಲ್ಲ. ಪಂದ್ಯಗಳ ಗೆಲುವು ಮತ್ತು ಪ್ರತಿ ಕಾರಿನ ಒಡೆತನದ ದಾಖಲೆಗಳೂ ಅದರ ಹಿಂದಿವೆ.

ಕಾಲಾನಂತರದಲ್ಲಿ ಸಂಖ್ಯೆಯ ಅರ್ಥವೇ ಬದಲಾಯಿತು. ನಿಯಮವು ಕೇಳುತ್ತಿದ್ದ ಕನಿಷ್ಠ ಸಂಖ್ಯೆಯ ಸ್ಥಾನದಲ್ಲಿ ಮಾರಾಟಗಾರನೇ ಘೋಷಿಸುವ ಗರಿಷ್ಠ ಸಂಖ್ಯೆ ಬಂದಿತು. 1995ರಲ್ಲಿ ಬಂದ ಫೆರಾರಿ ಎಫ್ 50 ಕಾರಿಗೆ 349ರ ಮಿತಿ ಹಾಕಲಾಯಿತು. ಬೇಡಿಕೆಯ ಅಂದಾಜು 350. ಅದಕ್ಕಿಂತ ಒಂದು ಕಡಿಮೆ ಎಂಬುದು ಇದರ ತರ್ಕ. ಕನಿಷ್ಠ ಸಂಖ್ಯೆಯನ್ನು ಮೀರಿದರೆ ಯಾರಿಗೂ ನಷ್ಟವಿಲ್ಲ. ಗರಿಷ್ಠ ಸಂಖ್ಯೆಯನ್ನು ಮೀರಿದರೆ ಅದು ಕೊಟ್ಟ ಮಾತನ್ನು ಮುರಿದಂತೆ.

ಸಂಖ್ಯೆ ಹಿಗ್ಗಿದಾಗ

1987ರ ಫೆರಾರಿ ಎಫ್ 40 ಕಾರಿನ ಮೂಲ ಯೋಜನೆ ಸುಮಾರು 400. ಬೇಡಿಕೆಯ ಒತ್ತಡದಿಂದ 1992ರ ವೇಳೆಗೆ 1,300ಕ್ಕೂ ಹೆಚ್ಚು ಕಾರುಗಳು ಹೊರಬಂದವು. 2017ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಜಿಟಿಗೆ ಮೊದಲು 500ರ ಯೋಜನೆಯಿತ್ತು. ಹಂತಹಂತವಾಗಿ ಅದನ್ನು 1,350ಕ್ಕೆ ಏರಿಸಲಾಯಿತು. ಕೊಂಡವರು ಎರಡು ವರ್ಷ ಕಾರನ್ನು ಮಾರಕೂಡದೆಂಬ ಷರತ್ತನ್ನೂ ಸಂಸ್ಥೆ ಕರಾರಿನಲ್ಲಿ ಸೇರಿಸಿತ್ತು. ಷರತ್ತು ಮೀರಿದವರ ಮೇಲೆ ಮೊಕದ್ದಮೆಯನ್ನೂ ಹೂಡಿತು. ಮರುಮಾರಾಟದ ಲಾಭವು ಮಧ್ಯವರ್ತಿಗಳ ಪಾಲಾಗದಂತೆ ತಡೆಯುವ ಕ್ರಮವಿದು.

ಹೊಸ ಸಂಖ್ಯೆ ಸೇರಿಸದೆಯೂ ವಿರಳತೆ ಕರಗಬಹುದು. 2016ರ ಪೋರ್ಶೆ 911 ಆರ್ ಕೇವಲ 991 ಕಾರುಗಳಿಗೆ ಸೀಮಿತವಾಗಿತ್ತು. ಜಿಟಿ3 ವರ್ಗದ ಎಂಜಿನ್ನಿನೊಡನೆ ಕೈಯಿಂದ ಗೇರ್ ಬದಲಿಸುವ ವ್ಯವಸ್ಥೆ ಅದರ ಮುಖ್ಯ ಆಕರ್ಷಣೆ. ಅದರ ಮರುಮಾರಾಟ ಬೆಲೆ ಮೂಲ ಬೆಲೆಯ ಹಲವು ಪಟ್ಟಾಯಿತು. 2017ರಲ್ಲಿ ಅದೇ ಸಂಸ್ಥೆ, ಸಂಖ್ಯಾಮಿತಿಯಿಲ್ಲದ ಜಿಟಿ3 ಕಾರಿನಲ್ಲಿಯೂ ಆ ಗೇರ್ ವ್ಯವಸ್ಥೆಯನ್ನು ಒದಗಿಸಿದೊಡನೆ 911 ಆರ್ ಬೆಲೆ ಇಳಿಯಿತು. 991 ಎಂಬ ಸಂಖ್ಯೆ ಹಾಗೆಯೇ ಇತ್ತು. ಬದಲಿ ಸರಕು ದೊರೆತುದರಿಂದ ಅದರ ತೂಕ ಕಡಿಮೆಯಾಯಿತು.

ಮಾರಾಟವಾಗದೆ ವಿರಳವಾದ ಕಾರುಗಳು

ವಿರಳತೆ ಎಲ್ಲ ಸಂದರ್ಭಗಳಲ್ಲಿಯೂ ಜಾಣ್ಮೆಯ ಫಲವಲ್ಲ. ಮ್ಯಾಕ್‌ಲಾರೆನ್ ಎಫ್ 1 ಕಾರುಗಳನ್ನು 300ರಷ್ಟು ತಯಾರಿಸುವ ಯೋಜನೆಯಿತ್ತು. 1990ರ ದಶಕದ ಆರ್ಥಿಕ ಹಿಂಜರಿತದಲ್ಲಿ ಅಷ್ಟು ಕೊಳ್ಳುವವರಿರಲಿಲ್ಲ. 1998ರಲ್ಲಿ ಉತ್ಪಾದನೆ ನಿಂತಾಗ, ಪಂದ್ಯದ ಕಾರುಗಳೂ ಸೇರಿ ಲೆಕ್ಕ 106. ಅಂತಹ ಒಂದು ಕಾರು 2021ರ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಮಿಕ್ಕ ಬೆಲೆ ತಂದಿತು. ಆ ಲಾಭ ಸೇರಿದ್ದು ಕಾರಿನ ಮಾಲೀಕನಿಗೆ, ತಯಾರಕನಿಗಲ್ಲ.

ಜಾಗ್ವಾರ್ ಎಕ್ಸ್‌ಜೆ 220 ಕಾರಿನ ಕಥೆ ಇನ್ನೂ ಬೋಧಪ್ರದ. 1988ರಲ್ಲಿ ಪ್ರದರ್ಶಿಸಿದ ಮಾದರಿಯಲ್ಲಿ 12 ಸಿಲಿಂಡರ್ ಎಂಜಿನ್ ಮತ್ತು ನಾಲ್ಕು ಚಕ್ರಗಳ ಚಾಲನೆ ಇದ್ದವು. 50,000 ಪೌಂಡ್ ಮುಂಗಡ ನೀಡಿ ಕಾಯ್ದಿರಿಸಿದವರಿಗೆ 1992ರಲ್ಲಿ ದೊರೆತುದು 6 ಸಿಲಿಂಡರ್ ಎಂಜಿನ್ನಿನ, ಹಿಂಬದಿ ಚಕ್ರಗಳ ಚಾಲನೆಯ ಕಾರು. ಈ ನಡುವೆ ಹಿಂಜರಿತವೂ ಬಂದಿತ್ತು. ಅನೇಕರು ಕಾರನ್ನು ಒಲ್ಲೆನೆಂದರು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 350ರ ಯೋಜನೆ ಸುಮಾರು 280ಕ್ಕೆ ನಿಂತಿತು.

ಇದೇ ಜಾಗ್ವಾರ್ 2008ರಲ್ಲಿ ಟಾಟಾ ಮೋಟಾರ್ಸ್ ಒಡೆತನಕ್ಕೆ ಬಂದ ನಂತರ ಹಳೆಯ ದಾಖಲೆಗಳಲ್ಲಿಯೇ ಹೊಸ ವ್ಯಾಪಾರವನ್ನು ಕಂಡುಕೊಂಡಿತು. 1963ರಲ್ಲಿ ಹಗುರ ದೇಹದ ಇ-ಟೈಪ್ ಕಾರುಗಳಿಗೆ 18 ಚಾಸಿ ಸಂಖ್ಯೆಗಳನ್ನು ಮೀಸಲಿಟ್ಟು 12 ಕಾರುಗಳನ್ನಷ್ಟೇ ತಯಾರಿಸಲಾಗಿತ್ತು. ಉಳಿದ ಆರನ್ನು ಪೂರ್ಣಗೊಳಿಸುವುದಾಗಿ 2014ರಲ್ಲಿ ಸಂಸ್ಥೆ ಪ್ರಕಟಿಸಿತು. 1957ರ ಕಾರ್ಖಾನೆ ಬೆಂಕಿಯಲ್ಲಿ ನಾಶವಾದ ಒಂಬತ್ತು ಎಕ್ಸ್‌ಕೆಎಸ್‌ಎಸ್ ಕಾರುಗಳ ಬದಲಿಗೆ ಒಂಬತ್ತನ್ನು ಹೊಸದಾಗಿ ಕಟ್ಟುವ ಯೋಜನೆ 2016ರಲ್ಲಿ ಬಂದಿತು. ಒಂದೊಂದರ ಬೆಲೆ ಹತ್ತು ಲಕ್ಷ ಪೌಂಡಿಗೂ ಮೇಲೆ. ಅಚ್ಚುಕಟ್ಟಾಗಿ ಕಾಪಾಡಿದ ಉತ್ಪಾದನಾ ದಫ್ತರವೂ ಒಂದು ಆಸ್ತಿಯೆಂಬುದಕ್ಕೆ ಇದು ನಿದರ್ಶನ.

ಲೆಕ್ಕದ ದೃಷ್ಟಿಯಲ್ಲಿ

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ಸಣ್ಣ ಕೈಗಾರಿಕೆಯೊಂದು ವಿಶೇಷ ಆವೃತ್ತಿಯ ಉತ್ಪನ್ನಕ್ಕಾಗಿ ವಿನ್ಯಾಸ ಮತ್ತು ಡೈಗಳಿಗೆ 60 ಲಕ್ಷ ರೂ. ವೆಚ್ಚ ಮಾಡುತ್ತದೆ. ಪ್ರತಿ ನಗದ ಚರ ವೆಚ್ಚ 40,000 ರೂ., ಮಾರಾಟ ಬೆಲೆ 75,000 ರೂ. ಹೀಗಾಗಿ ಸ್ಥಿರ ವೆಚ್ಚವನ್ನು ಭರಿಸಲು ಪ್ರತಿ ನಗದಿಂದ 35,000 ರೂ. ದೊರೆಯುತ್ತದೆ.

300 ನಗ ಮಾರಾಟವಾದರೆ: ಲಾಭ 45 ಲಕ್ಷ ರೂ.
100 ನಗ ಮಾತ್ರ ಮಾರಾಟವಾದರೆ: ನಷ್ಟ 25 ಲಕ್ಷ ರೂ.
600 ನಗ ಮಾರಾಟವಾದರೆ: ಲಾಭ 150 ಲಕ್ಷ ರೂ.

ಲಾಭ-ನಷ್ಟಗಳೆರಡೂ ಇಲ್ಲದ ಬಿಂದುವನ್ನು ದಾಟಲು 172 ನಗಗಳು ಮಾರಾಟವಾಗಬೇಕು. 300 ಎಂದು ಘೋಷಿಸಿದವನು ಸದ್ದಿಲ್ಲದೆ ಇನ್ನೂ 300 ತಯಾರಿಸಿ ಮಾರಿದರೆ 105 ಲಕ್ಷ ರೂ. ಅಧಿಕ ಲಾಭ. ಪ್ರಲೋಭನೆ ಇರುವುದು ಇಲ್ಲಿಯೇ. ಆದರೆ ಆ ಹಣವು ವಾಸ್ತವದಲ್ಲಿ ಮೊದಲ 300 ಗಿರಾಕಿಗಳ ನಂಬಿಕೆಯಿಂದ ತೆಗೆದ ಸಾಲ. ಮುಂದಿನ ಆವೃತ್ತಿಗೆ ಅವರಲ್ಲಿ ಎಷ್ಟು ಮಂದಿ ಮರಳಿ ಬರುವರೆಂಬ ಅಂಶ ಈ ಪಟ್ಟಿಯಲ್ಲಿ ಕಾಣುವುದಿಲ್ಲ.

ವರ್ತಕರು ಮತ್ತು ತಯಾರಕರು ಗಮನಿಸಬೇಕಾದ ಅಂಶಗಳು

1. ಸಂಖ್ಯೆಯನ್ನು ಘೋಷಿಸುವ ಮುನ್ನ ಸಮತೋಲನ ಬಿಂದುವನ್ನು ಲೆಕ್ಕಹಾಕಬೇಕು. ಅದಕ್ಕಿಂತ ಕಡಿಮೆ ಸಂಖ್ಯೆಯ ಘೋಷಣೆ, ಬೆಲೆ ಏರಿಸದ ಹೊರತು, ನಷ್ಟದ ಘೋಷಣೆಯೇ ಸರಿ.

2. ಮಿತಿ ಯಾವುದಕ್ಕೆ ಅನ್ವಯಿಸುತ್ತದೆಂಬುದು ಬರಹದಲ್ಲಿರಬೇಕು. ಬಣ್ಣಕ್ಕೋ, ವಿನ್ಯಾಸಕ್ಕೋ, ವರ್ಷಕ್ಕೋ, ಒಟ್ಟು ಉತ್ಪಾದನೆಗೋ ಎಂಬುದು ಸ್ಪಷ್ಟವಿಲ್ಲದಿದ್ದರೆ ವಿವಾದ ತಪ್ಪದು. ಸುಳ್ಳು ಸಂಖ್ಯೆಯ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತೆನಿಸಬಹುದು.

3. ಮುಂಗಡವು ಆದಾಯವಲ್ಲ, ಸರಕು ಒಪ್ಪಿಸುವವರೆಗೆ ಅದು ಹೊಣೆ. ಸಾಮಾನ್ಯ ನೋಂದಣಿಯ ವರ್ತಕರು ಸರಕುಗಳ ಮುಂಗಡದ ಮೇಲೆ, 2017ರ ನವೆಂಬರ್‌ನ ಅಧಿಸೂಚನೆಯ ಪ್ರಕಾರ, ಹಣ ಪಡೆದಾಗಲೇ ಜಿಎಸ್‌ಟಿ ತೆರಬೇಕಿಲ್ಲ. ಆದರೂ ಆ ಹಣವನ್ನು ಪ್ರತ್ಯೇಕವಾಗಿ ಲೆಕ್ಕವಿಡುವುದು ಕ್ಷೇಮ.

4. ಮಾರಾಟವಾಗದೆ ಉಳಿದ ನಗಗಳನ್ನು 'ವಿರಳ'ವೆಂಬ ಕಾರಣದಿಂದ ಹೆಚ್ಚಿನ ಮೌಲ್ಯಕ್ಕೆ ತೋರಿಸುವಂತಿಲ್ಲ. ವೆಚ್ಚ ಅಥವಾ ಮಾರಿದರೆ ಬರಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದೇ ದಾಸ್ತಾನಿನ ಮೌಲ್ಯ.

5. ಪ್ರತಿ ನಗಕ್ಕೂ ಕ್ರಮಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಮೊದಲ ಖರೀದಿದಾರನ ವಿವರವುಳ್ಳ ದಫ್ತರವನ್ನು ಕಾಪಾಡಬೇಕು. ದಾಖಲೆಯಿಲ್ಲದ ವಿರಳತೆ ಬರಿಯ ಬಾಯಿಮಾತು.

ಸಂಖ್ಯೆಯನ್ನು ಕಡಿಮೆ ಮಾಡುವುದು ಯಾವ ಕಾರ್ಖಾನೆಗೂ ಕಷ್ಟವಲ್ಲ; ಯಂತ್ರವನ್ನು ನಿಲ್ಲಿಸಿದರಾಯಿತು. ಬೇಡಿಕೆ ಬಾಗಿಲಲ್ಲಿ ನಿಂತಿರುವಾಗ ಹೇಳಿದ ಸಂಖ್ಯೆಗೆ ಯಂತ್ರವನ್ನು ನಿಲ್ಲಿಸುವುದು ಕಷ್ಟ. ಅಂಥ ಸಂಯಮವನ್ನು ಪ್ರತಿ ಆವೃತ್ತಿಯಲ್ಲಿಯೂ ತೋರಿದ ತಯಾರಕನ ಸರಕಿಗೆ ಗಿರಾಕಿಯು ವೆಚ್ಚಕ್ಕೆ ಮೀರಿದ ಬೆಲೆಯನ್ನು ನಿಸ್ಸಂಕೋಚವಾಗಿ ತೆರುತ್ತಾನೆ.