ಕ್ರ್ಯಾಕ್ ಮಾಡಿದ ತಂತ್ರಾಂಶದಿಂದ ಬಿಡುಗಡೆಯ ಕ್ರಮ

ಬೆಲೆ ತೆತ್ತು ಕೊಳ್ಳಬೇಕಾದ ತಂತ್ರಾಂಶವನ್ನು ಕ್ರ್ಯಾಕ್ ಮಾಡಿದ ಪ್ರತಿಯಾಗಿ ಪಡೆಯುವ ರೂಢಿಯು ಡಿಟಿಪಿ ಅಂಗಡಿಗಳಿಂದ ಹಿಡಿದು ವಿದ್ಯಾರ್ಥಿಗಳ ಕೋಣೆಗಳವರೆಗೆ ಹಬ್ಬಿರುವುದಾದರೂ, ಅದರೊಡನೆ ಬರುವ ಮೊದಲ ಸೂಚನೆಯು ಸಾಮಾನ್ಯವಾಗಿ ಆಂಟಿವೈರಸ್ಸನ್ನು ನಿಲ್ಲಿಸಿರೆಂದೇ ಇರುವುದನ್ನು ಕುರಿತು ಯೋಚಿಸುವವರು ವಿರಳ. ಗುರಿ ತಪ್ಪದಂತೆ ಮಾಡುವ ಏಮ್‌ಬಾಟ್, ಗೋಡೆಯಾಚೆಯ ಎದುರಾಳಿಯನ್ನು ತೋರಿಸುವ ವಾಲ್‌ಹ್ಯಾಕ್ ಮೊದಲಾದ ಆಟದ ಚೀಟ್‌ಗಳು ಬೇಡುವುದೂ ಅದನ್ನೇ. ಹೀಗೆ ನಮ್ಮ ಕೈಯಿಂದಲೇ ಕಾವಲನ್ನು ತೆಗೆಸಿ ಒಳಹೊಕ್ಕ ಕಡತವು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಕುಕಿಗಳನ್ನೂ ಅಪಹರಿಸಬಲ್ಲುದು. ರೆಡ್‌ಲೈನ್ ಎಂಬ ದುಷ್ಟ ತಂತ್ರಾಂಶವೂ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಸ್ಟಾಪ್ ಎಂಬ ರಾನ್ಸಮ್‌ವೇರೂ ಈ ವೇಷದಲ್ಲಿಯೇ ಹರಡಿದವು.

ಈಗಾಗಲೇ ಸ್ಥಾಪಿಸಿಕೊಂಡವರು ಮೊದಲು ಇಂಟರ್ನೆಟ್ ಸಂಪರ್ಕವನ್ನು ಕಡಿಯತಕ್ಕದ್ದು. ಅನಂತರ, ಬಹುಜನರು ಎಡವುವುದು ಇಲ್ಲಿಯೇ, ಅದೇ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಿಸಕೂಡದು. ಹೊಸದೂ ಕಳ್ಳನ ಕೈ ಸೇರುವುದು. ನಂಬಿಕೆಗೆ ಅರ್ಹವಾದ ಬೇರೊಂದು ಸಾಧನದಿಂದ ಮೊದಲು ಇಮೇಲಿನ, ಬಳಿಕ ಬ್ಯಾಂಕಿನ, ಆಮೇಲೆ ಉಳಿದ ಖಾತೆಗಳ ಪಾಸ್‌ವರ್ಡ್‌ಗಳನ್ನು ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡುವ ಆಯ್ಕೆಯನ್ನು ಒತ್ತಬೇಕು. ಏಕೆಂದರೆ ಕುಕಿಯನ್ನು ಕದ್ದವನು ಪಾಸ್‌ವರ್ಡಾಗಲಿ ಒಟಿಪಿಯಾಗಲಿ ಇಲ್ಲದೆಯೇ ಖಾತೆಯೊಳಗೆ ಇರಬಲ್ಲನು. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಅದರ ಸಂಗಡ ಬಂದುದು ಹೋಗದಾದುದರಿಂದ, ಬರಹಗಳನ್ನೂ ಚಿತ್ರಗಳನ್ನೂ ಮಾತ್ರ ಹೊರಗಿನ ಡಿಸ್ಕಿಗೆ ನಕಲಿಸಿಕೊಂಡು, ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ, ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಸ್ಥಾಪಿಸುವುದೇ ಕ್ಷೇಮ. ಹಣ ಹೋಗಿದ್ದಲ್ಲಿ ಇಷ್ಟಕ್ಕೂ ಮುಂಚೆ ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡತಕ್ಕದ್ದು.

ಇನ್ನು ಕಾನೂನಿನ ಮಾತು: 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣವು, ಅನಧಿಕೃತ ಪ್ರತಿಯೆಂದು ತಿಳಿದೂ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸವನ್ನೂ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವನ್ನೂ ಹೇಳುತ್ತದೆ. ಲಾಭಕ್ಕಾಗಿ ಬಳಸದವರ ವಿಷಯದಲ್ಲಿ ಕಾರಾವಾಸವನ್ನು ಬಿಡುವ ಅವಕಾಶ ನ್ಯಾಯಾಲಯಕ್ಕುಂಟು. ಚೀಟ್‌ಗಳ ವಿಷಯದಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಕಾನೂನಲ್ಲ, ಒಡನಾಡಿಗಳಿಗೆ ಆಗುವ ಅನ್ಯಾಯ. 2018ರಲ್ಲಿ ಶಾಂಘೈಯ ಕೌಂಟರ್‌ಸ್ಟ್ರೈಕ್ ಎಂಬ ವಿಡಿಯೋ ಆಟದ ಪಂದ್ಯದ ನಡುವೆ ಭಾರತೀಯ ಆಟಗಾರನೊಬ್ಬನು ಏಮ್‌ಬಾಟಿನೊಡನೆ ಸಿಕ್ಕಿಬಿದ್ದಾಗ ಅವನಿಗೆ 5 ವರ್ಷಗಳ ನಿಷೇಧವಾಯಿತು; ಆದರೆ ಅವನ ತಂಡವೂ ಸ್ಪರ್ಧೆಯಿಂದ ಹೊರಬಿದ್ದು ವಿಸರ್ಜಿತವಾಯಿತು.

ಮೇಲೆ ಹೇಳಿದಂತೆ ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವಾಗ, ಕ್ರ್ಯಾಕ್ ಪ್ರತಿಗಳ ಬದಲಿಗೆ ಬರಹಕ್ಕೆ ಲಿಬ್ರೆಆಫೀಸ್, ಚಿತ್ರಗಳಿಗೆ ಗಿಂಪ್, ರೇಖಾಚಿತ್ರಗಳಿಗೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಇವೆಲ್ಲ ಉಚಿತವಾಗಿಯೂ ನ್ಯಾಯವಾಗಿಯೂ ಲಭ್ಯವಿರುತ್ತವೆ. ಅವುಗಳನ್ನು ಆಯಾ ತಂತ್ರಾಂಶದ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಕೆಲಸ ಮಾಡಿದವರು ತಮ್ಮ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳತಕ್ಕದ್ದು. ಇಲ್ಲವಾದರೆ ಹೊಸ ಫಾಂಟಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುವುವು.