ಜೊತೆಗಾರ ಬಿಟ್ಟುಹೋದ ಮೇಲೆ

ಪ್ರಶ್ನೆ: ನನಗೆ 23 ವರ್ಷ. ಚಿಕ್ಕಂದಿನಿಂದ ಟೆನಿಸ್ ಆಡುತ್ತಿದ್ದೇನೆ. ಎರಡು ವರ್ಷದಿಂದ ಸಿಂಗಲ್ಸ್ ರ‍್ಯಾಂಕಿಂಗ್ ಇದ್ದಲ್ಲೇ ಇದೆ, ಡಬಲ್ಸ್‌ನಲ್ಲಿ ಮಾತ್ರ ಗೆಲ್ಲುತ್ತಿದ್ದೇನೆ. ಇನ್ನು ಅದನ್ನೇ ಹಿಡಿ ಎನ್ನುತ್ತಾರೆ ಕೋಚ್. ‘ಡಬಲ್ಸ್ ಅಂದ್ರೆ ಸಿಂಗಲ್ಸಲ್ಲಿ ಸೋತವರ ಆಟ, ಅದಕ್ಕೆ ಇನ್ನು ದುಡ್ಡು ಹಾಕಲಾರೆ’ ಎನ್ನುತ್ತಾರೆ ಅಪ್ಪ. ಅವರು ನನಗಾಗಿ ಸಾಲ ಮಾಡಿದ್ದಾರೆ. ಈ ಮಧ್ಯೆ, ವರ್ಷವಿಡೀ ನನ್ನ ಜೊತೆ ಆಡಿದ ಗೆಳೆಯ, ಒಳ್ಳೆಯ ರ‍್ಯಾಂಕಿನ ಬೇರೊಬ್ಬ ಸಿಕ್ಕಿದ್ದಾನೆಂದು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ ಹೋಗಿಬಿಟ್ಟ. ಅವತ್ತಿನಿಂದ ರಾಕೆಟ್ ಮುಟ್ಟುವ ಮನಸ್ಸಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ನೀವು ಕೊನೆಗೆ ಬರೆದದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಕೈಯಿಂದ ರಾಕೆಟ್ ಕೆಳಗಿಡಿಸಿದ್ದು ಆ ಮೆಸೇಜು. ಹಾಗೆ ತಿಳಿಸಿದ್ದು ತಪ್ಪೇ. ವರ್ಷವಿಡೀ ಜೊತೆಗಿದ್ದವನು ಫೋನಾದರೂ ಮಾಡಬೇಕಿತ್ತು. ಆದರೆ ಅವನು ಹೋದದ್ದನ್ನು ದ್ರೋಹವೆಂದು ಎಣಿಸಬೇಡಿ. ಡಬಲ್ಸ್‌ನಲ್ಲಿ ಪ್ರವೇಶ ಸಿಗುವುದು ಇಬ್ಬರ ರ‍್ಯಾಂಕ್ ಕೂಡಿಸಿ ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಬ್ಬನದು 350, ಇನ್ನೊಬ್ಬನದು 400 ಇದ್ದರೆ ಲೆಕ್ಕ 750. ದೊಡ್ಡ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್ ಟೂರ್ನಿಯ ಡ್ರಾದಲ್ಲಿ ಜಾಗವಿರುವುದು 16 ಜೋಡಿಗೆ. ಅದೇ ಹುಡುಗ 200ರವನ ಜೊತೆ ಸೇರಿದರೆ ಬಾಗಿಲು ತೆರೆಯಬಹುದು. ಗೆದ್ದ ಪಾಯಿಂಟ್ ಅವರವರ ಹೆಸರಿಗೇ ಬೀಳುತ್ತದೆ. ಆಡುವುದು ಇಬ್ಬರಾದರೂ ಏರುವುದು ಒಬ್ಬೊಬ್ಬರೇ. ಈ ವೃತ್ತಿಯ ಕಷ್ಟವಿರುವುದು ಅಲ್ಲಿ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನೇ ನೋಡಿ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ 2010ರಲ್ಲಿ ಯುಎಸ್ ಓಪನ್ ಫೈನಲ್‌ವರೆಗೆ ಹೋದರು. 2011ರ ಕೊನೆಗೆ ಜೋಡಿ ಮುರಿಯಿತು. ಲಂಡನ್ ಒಲಿಂಪಿಕ್ಸ್ ಹತ್ತಿರವಿತ್ತು, ಅಲ್ಲಿಗೆ ನಮ್ಮ ದೇಶದವರೇ ಜೊತೆಗಾರರಾಗಬೇಕಿತ್ತು; ಬೋಪಣ್ಣ ಮಹೇಶ್ ಭೂಪತಿ ಜೊತೆ ಸೇರಿದರು. ಆದರೆ 2014ರಲ್ಲಿ ಬೋಪಣ್ಣ–ಖುರೇಷಿ ಮತ್ತೆ ಒಂದಾಗಿ ದುಬೈನಲ್ಲಿ ಪ್ರಶಸ್ತಿ ಗೆದ್ದರು. ಆಮೇಲೂ ಮೆರ್ಜಿಯಾ, ಕ್ಯುವಾಸ್, ಶಪವಲೊವ್, ಮಿಡಲ್‌ಕೂಪ್ ಹೀಗೆ ಜೊತೆಗಾರರು ಬದಲಾಗುತ್ತಲೇ ಹೋದರು. ಮುನಿಸು ಕಟ್ಟಿಕೊಂಡಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಇನ್ನು ಅಪ್ಪನ ಮಾತು. ಸಿಂಗಲ್ಸ್‌ನಲ್ಲಿ ದಾರಿ ಮುಚ್ಚಿದ ಮೇಲೆ ಡಬಲ್ಸ್‌ಗೆ ಬಂದವರು ಬೇಕಾದಷ್ಟು ಮಂದಿ. ಬೋಪಣ್ಣ ಸಿಂಗಲ್ಸ್‌ನಲ್ಲಿ 213ರಿಂದ ಮೇಲೇರಲಿಲ್ಲ. ಯೂಕಿ ಭಾಂಬ್ರಿ 83ರವರೆಗೆ ಹೋಗಿ, ಗಾಯಗಳಿಂದ ನಲುಗಿ, ಆಮೇಲೆ ಡಬಲ್ಸ್ ಹಿಡಿದು 2025ರಲ್ಲಿ ಯುಎಸ್ ಓಪನ್ ಸೆಮಿಫೈನಲ್ ಆಡಿದರು. ಬಂದದ್ದು ಹೇಗಾದರೂ ಇರಲಿ, ಬಂದ ಮೇಲೆ ಇಬ್ಬರೂ ಈ ಕಸುಬನ್ನು ಮೊದಲಿನಿಂದ ಕಲಿತರು. 2021ರಲ್ಲಿ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲದೆ, ಆಟ ಬಿಡುತ್ತೇನೆಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದರು ಬೋಪಣ್ಣ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗ ಕೈಹಿಡಿಯಿತು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ನಂಬರ್ ಒನ್ ಆದರು.

ಆದರೂ ಈ ಕಥೆ ಹೇಳಿ ಅಪ್ಪನ ಬಾಯಿ ಮುಚ್ಚಿಸಲು ಹೋಗಬೇಡಿ. ದುಡ್ಡಿನ ವಿಷಯದಲ್ಲಿ ಅವರ ಭಯ ನ್ಯಾಯವಾದದ್ದು. ಅದೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದ ಸಿನ್ನರ್‌ಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್; ಬೋಪಣ್ಣ–ಎಬ್ಡೆನ್ ಇಬ್ಬರಿಗೂ ಸೇರಿ 7.3 ಲಕ್ಷ. ವೃತ್ತಿಪರ ಟೆನಿಸ್‌ನ ಕೆಳಹಂತವಾದ ಎಂ15 ಟೂರ್ನಿಯಲ್ಲಿ ಗೆದ್ದ ಜೋಡಿಗೆ ಸಾವಿರ ಅಮೆರಿಕನ್ ಡಾಲರೂ ಸಿಗುವುದಿಲ್ಲ, ಅದರಲ್ಲೂ ಅರ್ಧ ಪಾಲು. ಹಾಗಾಗಿ ಒಂದು ಭಾನುವಾರ ಅಪ್ಪನ ಪಕ್ಕ ಕೂತು ಲೆಕ್ಕ ಬರೆಯಿರಿ: ಸಾಲವೆಷ್ಟು, ಬಡ್ಡಿಯೆಷ್ಟು, ಓಡಾಟಕ್ಕೆಷ್ಟು. ಒಂದೂವರೆ ವರ್ಷದ ಗಡುವು ಕೇಳಿ. ಅಷ್ಟರಲ್ಲಿ ಚಾಲೆಂಜರ್‌ಗಳಲ್ಲಿ ನೇರ ಪ್ರವೇಶ ಸಿಗುವಂತಾಗದಿದ್ದರೆ ಬೇರೆ ದಾರಿ ಯೋಚಿಸುತ್ತೇನೆಂದು ಮಾತು ಕೊಡಿ, ಕೊಟ್ಟ ಮಾತಿಗೆ ನಡೆದುಕೊಳ್ಳಿ. ಈ ಅವಧಿಯಲ್ಲಿ ಹೊಸ ಸಾಲ ಮಾತ್ರ ಬೇಡವೇ ಬೇಡ. ಬೆಳಿಗ್ಗೆ ಮಕ್ಕಳಿಗೆ ಕೋಚಿಂಗ್ ಮಾಡಿಯಾದರೂ ಸ್ವಲ್ಪ ದುಡಿಯಿರಿ. ನಿಮ್ಮ ಕೈಯಿಂದಲೂ ಒಂದಷ್ಟು ಬಂದರೆ ಅಪ್ಪನಿಗೂ ಧೈರ್ಯ.

ಡಬಲ್ಸ್ ಹಿಡಿಯಿರಿ ಅಂತಲೇ ನನ್ನ ಸಲಹೆ, ಒಂದು ವಿಷಯ ನೀವು ಪ್ರಾಮಾಣಿಕವಾಗಿ ನೋಡಿಕೊಂಡ ಮೇಲೆ. ಟೂರ್ ಪಂದ್ಯಗಳಲ್ಲಿ 40-40 ಆದರೆ ಒಂದೇ ಪಾಯಿಂಟಿಗೆ ಗೇಮ್ ತೀರ್ಮಾನ. ಸೆಟ್ ಒಂದೊಂದಾದರೆ ಹತ್ತು ಪಾಯಿಂಟಿನ ಟೈಬ್ರೇಕ್. ಅಂಥ ಪಾಯಿಂಟಿನಲ್ಲಿ ನೀವು ನೆಟ್ ಬಳಿ ಬಾಗಿ ನಿಂತು, ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡಿದ್ದೀರಿ. ಜೊತೆಗಾರ ಡಬಲ್ ಫಾಲ್ಟ್ ಮಾಡಿದ. ಆಗ ನಿಮ್ಮ ಮುಖ ಹೇಗಿರುತ್ತದೆ? ತಿರುಗಿ ಅವನ ಕಡೆ ನಡೆಯುತ್ತೀರೋ, ತಲೆ ತಗ್ಗಿಸಿ ರಾಕೆಟ್ ತಂತಿ ನೋಡುತ್ತೀರೋ? ಸರ್ವು, ರಿಟರ್ನು, ವಾಲಿ ತಿದ್ದುವುದಕ್ಕೆ ಕೋಚ್ ಇದ್ದಾರೆ. ಆ ಹೊತ್ತಿನ ನಡವಳಿಕೆಯನ್ನು ತಿದ್ದಿಕೊಳ್ಳಬೇಕಾದವರು ನೀವು. ಟೂರ್ನಿಯ ಸೈನ್-ಇನ್ ಹೊತ್ತಿಗೆ ಜೊತೆಗಾರನಿಲ್ಲದೆ ನಿಂತವರು ಮೊದಲು ನೆನೆಸಿಕೊಳ್ಳುವುದು, ಸೋಲುವಾಗಲೂ ಪಕ್ಕದಲ್ಲಿ ಹಿತವಾಗಿದ್ದವನನ್ನು. ಡಬಲ್ಸ್ ಹಿಡಿದರೂ ಸಿಂಗಲ್ಸನ್ನು ಈಗಲೇ ಪೂರ್ತಿ ಬಿಡಬೇಡಿ. ಡಬಲ್ಸ್ ಪ್ರವೇಶಕ್ಕೆ ಎಷ್ಟೋ ಕಡೆ ಸಿಂಗಲ್ಸ್ ರ‍್ಯಾಂಕೂ ಕೆಲಸಕ್ಕೆ ಬರುತ್ತದೆ.

ರಾಕೆಟ್ ಮುಟ್ಟುವ ಮನಸ್ಸಿಲ್ಲ ಎಂದಿರಿ. ಕೆಲವು ದಿನ ಹಾಗಿದ್ದರೆ ಗಾಬರಿ ಬೇಡ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗೆಳೆಯನಿಗೆ ಈ ವಾರವೇ ಫೋನ್ ಮಾಡಿ. ಬೇಜಾರಾಗಿದೆ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಅವನ ಹೊಸ ಜೊತೆಗಾರನ ಹಳೆಯ ಪಾರ್ಟ್‌ನರ್ ಈಗ ಯಾರ ಜೊತೆ ಆಡುತ್ತಿದ್ದಾನೆ ಅಂತ ಕೇಳಿ. ಆ ಹುಡುಗನೂ ಈಗ ಒಬ್ಬ ಜೊತೆಗಾರನನ್ನು ಹುಡುಕುತ್ತಿರಬಹುದು.